ಟೂಲ್‌ಬಾರ್ ನಿಯಮವಿಲ್ಲದ ಅಂಗಡಿಗೆ ಲಿಂಕ್ ಹಾಕುವ ಮುನ್ನ

ಕನ್ನಡದಲ್ಲಿ ಬರೆದು ಅಫಿಲಿಯೇಟ್ ಲಿಂಕ್‌ಗಳಿಂದ (ಒತ್ತಿ ಹೋದವರು ಕೊಂಡರೆ ಬರೆದವರಿಗೆ ಅಂಗಡಿ ಕಮಿಷನ್ ಕೊಡುವ ಲಿಂಕ್‌ಗಳಿಂದ) ನಾಲ್ಕು ಕಾಸು ನೋಡುವವರಿಗಾಗಿ ಇದು. ಮಳೆಗಾಲದಲ್ಲಿ ಮುಳ್ಳಯ್ಯನಗಿರಿ, ಎತ್ತಿನ ಭುಜದ ಕಡೆ ಹೊರಡುವವರು ಯಾವ ರೈನ್‌ಕೋಟ್ ಕೊಳ್ಳಬೇಕು, ಉಂಬಳ (ಜಿಗಣೆ) ಹತ್ತದಂತೆ ಎಂಥ ಕಾಲುಚೀಲ ಹಾಕಬೇಕು ಎಂದು ಚಿಕ್ಕಮಗಳೂರಿನಿಂದ ಬರೆಯುತ್ತೇನೆ. ನಾನೇ ಹಾಕಿಕೊಂಡು ಮಳೆಯಲ್ಲಿ ನಡೆದು ನೋಡದ ವಸ್ತುವಿಗೆ ಲಿಂಕ್ ಕೊಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಆನ್‌ಲೈನ್ ಅಂಗಡಿಯ ಲೆಕ್ಕ ವಿಚಿತ್ರವಾಯಿತು. ಲಿಂಕ್ ಒತ್ತುವವರು ಎಂದಿನಷ್ಟೇ ಇದ್ದರು, ಕಮಿಷನ್ ಮಾತ್ರ ಕರಗುತ್ತಿತ್ತು. ಹಾಸನದ ಓದುಗರೊಬ್ಬರು “ನಿಮ್ಮ ಲಿಂಕ್‌ನಿಂದಲೇ ತೆಗೆದುಕೊಂಡೆ ಸಾರ್” ಎಂದು ಬಿಲ್ಲಿನ ಚಿತ್ರ ಕಳುಹಿಸಿದರು. ಆ ಆರ್ಡರ್ ನನ್ನ ಖಾತೆಯಲ್ಲಿ ಇರಲೇ ಇಲ್ಲ.

ವಿಚಾರಿಸಿದಾಗ ಅವರ ಬ್ರೌಸರ್‌ನಲ್ಲಿ ಕೂಪನ್ ಹುಡುಕುವ ಟೂಲ್‌ಬಾರ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಇತ್ತೆಂದು ತಿಳಿಯಿತು. ನನ್ನ ಲಿಂಕ್ ಒತ್ತಿದಾಗ ನನ್ನ ಗುರುತು ಕುಕಿಯಾಗಿ, ಅಂದರೆ ಬ್ರೌಸರ್‌ನಲ್ಲಿ ಒಂದು ಪುಟ್ಟ ಗುರುತುಚೀಟಿಯಾಗಿ, ಉಳಿಯುತ್ತದೆ. ಹಣ ಕಟ್ಟುವ ಪುಟದಲ್ಲಿ ಟೂಲ್‌ಬಾರ್ “ಕೂಪನ್ ಹುಡುಕಲೇ?” ಎನ್ನುತ್ತದೆ. ಗಿರಾಕಿ ಹೂಂ ಎಂದೊಡನೆ ಅದು ಮರೆಯಲ್ಲಿ ತನ್ನದೇ ಅಫಿಲಿಯೇಟ್ ಲಿಂಕ್ ತೆರೆದು ನನ್ನ ಗುರುತಿನ ಮೇಲೆ ತನ್ನ ಗುರುತು ಒತ್ತುತ್ತದೆ. ಕೊನೆಯ ಕ್ಲಿಕ್ಕಿಗೇ ಕಮಿಷನ್ ಎಂಬುದು ಈ ವ್ಯಾಪಾರದ ರೂಢಿ. ನಮ್ಮ ಓದುಗರಿಗೆ ಕೂಪನ್ ಕೂಡ ಸಿಕ್ಕಿರಲಿಲ್ಲ. ಕಮಿಷನ್ ಮಾತ್ರ ಹೋಗಿತ್ತು.

ಅಂಗಡಿಗೆ ಪತ್ರ ಬರೆದೆ. “ಯಾವ ನಿಯಮವೂ ಉಲ್ಲಂಘನೆಯಾಗಿಲ್ಲ” ಎಂದು ಉತ್ತರ ಬಂತು. ಮಾತು ನಿಜವೇ! ಅವರ ಕರಾರಿನಲ್ಲಿ ಟೂಲ್‌ಬಾರ್ ಬಗ್ಗೆ ಒಂದು ಸಾಲೂ ಇಲ್ಲ. ಇಲ್ಲದ ನಿಯಮವನ್ನು ಮುರಿಯುವುದಾದರೂ ಹೇಗೆ?

ಇದು ಹೊಸ ರೋಗವಾಗಿದ್ದರೆ ಸುಮ್ಮನಿರುತ್ತಿದ್ದೆ. 2002ರಲ್ಲೇ ಕಮಿಷನ್ ಜಂಕ್ಷನ್, ಬಿ ಫ್ರೀ, ಪರ್ಫಾರ್ಮಿಕ್ಸ್ ಎಂಬ, ಅಂಗಡಿಗಳಿಗೂ ಲಿಂಕ್ ಹಾಕುವವರಿಗೂ ನಡುವೆ ನಿಲ್ಲುವ ಅಫಿಲಿಯೇಟ್ ಜಾಲಗಳು ಸೇರಿ ಇಂಥ ತಂತ್ರಾಂಶಗಳಿಗೆ ನೀತಿ ಸಂಹಿತೆ ಹೊರಡಿಸಿದ್ದವು. 2024ರ ಡಿಸೆಂಬರ್‌ನಲ್ಲಿ ಪೇಪಾಲ್ ಒಡೆತನದ ಹನಿ (Honey) ಎಂಬ ಕೂಪನ್ ಟೂಲ್‌ಬಾರ್ ವಿರುದ್ಧ ಯೂಟ್ಯೂಬ್‌ನಲ್ಲಿ ಇದೇ ಆರೋಪ ಬಂದು ದೊಡ್ಡ ಗಲಾಟೆಯಾಯಿತು. 2025ರಲ್ಲಿ ಗೂಗಲ್ ಕ್ರೋಮ್ ನಿಯಮ ಬಿಗಿ ಮಾಡಿತು: ಬಳಕೆದಾರರಿಗೆ ನೇರ ಲಾಭವಿಲ್ಲದೆ, ಅವರು ತಾವಾಗಿ ಒತ್ತದೆ, ಎಕ್ಸ್‌ಟೆನ್ಷನ್ (ಇಂಥ ಟೂಲ್‌ಬಾರ್‌ಗಳಿಗೆ ಕ್ರೋಮ್‌ನಲ್ಲಿರುವ ಹೆಸರು) ಅಫಿಲಿಯೇಟ್ ಲಿಂಕ್ ತೂರಿಸುವಂತಿಲ್ಲ. ಆದರೆ ನನ್ನ ಗಿರಾಕಿಗೆ ಹತ್ತು ರೂಪಾಯಿ ರಿಯಾಯಿತಿ ಕೊಟ್ಟು ಇಡೀ ಕಮಿಷನ್ ಒಯ್ಯುವುದನ್ನು ಈ ನಿಯಮ ತಡೆಯುವುದಿಲ್ಲ. ಅದನ್ನು ಅಂಗಡಿಯೇ ತಡೆಯಬೇಕು.

ಆದ್ದರಿಂದ ಯಾವುದೇ ಅಂಗಡಿಯ ಅಫಿಲಿಯೇಟ್ ಯೋಜನೆಗೆ ಸೇರುವ ಮುನ್ನ ಅವರನ್ನು ಬರಹದಲ್ಲಿ ಕೇಳಿ: ಗಿರಾಕಿ ಬೇರೊಬ್ಬರ ಲಿಂಕ್‌ನಿಂದ ಬಂದಿದ್ದರೆ, ಖರೀದಿ ಮುಗಿಯುವವರೆಗೆ ಟೂಲ್‌ಬಾರ್ ಬಾಯಿ ಮುಚ್ಚಿಕೊಂಡಿರಬೇಕೇ? ಕೂಪನ್ ಸಿಗದಿದ್ದರೂ ಅದಕ್ಕೆ ಹಣವೇ? ತಪ್ಪು ಸಿಕ್ಕಿಬಿದ್ದರೆ ಕಮಿಷನ್ ಮೂಲ ಲಿಂಕ್‌ನವರಿಗೆ ಮರಳುತ್ತದೆಯೇ? ಮೊದಲ ಪ್ರಶ್ನೆಗೇ “ನೋಡೋಣ” ಎಂದರೆ ಉಳಿದವನ್ನು ಕೇಳುವ ಶ್ರಮ ಬೇಡ.

ಕಾಫಿಪುಡಿ, ಕಾಳುಮೆಣಸು ಮಾರಲು ಅಫಿಲಿಯೇಟ್ ಯೋಜನೆ ತೆರೆಯುತ್ತಿರುವ ನಮ್ಮ ಊರಿನವರಿಗೂ ಒಂದು ಮಾತು. ಹಣ ಕಟ್ಟಲು ಕುಳಿತ ಗಿರಾಕಿಯನ್ನು ಟೂಲ್‌ಬಾರ್ ಕರೆತಂದದ್ದಲ್ಲ. ಅವರಿಗೆ ರಿಯಾಯಿತಿಯನ್ನೂ ಕೊಟ್ಟು, ಮೇಲೆ ಟೂಲ್‌ಬಾರಿಗೂ ಕಮಿಷನ್ ತೆರುವವರು ನೀವೇ. ನಿಯಮ ಬರೆದಿಟ್ಟರೆ ಸಾಲದು. ಟೂಲ್‌ಬಾರ್ ಹಾಕಿಕೊಂಡು, ಬೇರೊಬ್ಬರ ಲಿಂಕ್‌ನಿಂದ ನೀವೇ ಆಗಾಗ ಖರೀದಿಸಿ, ಆರ್ಡರ್ ಯಾರ ಖಾತೆಗೆ ಬಿತ್ತೆಂದು ನೋಡಿ.

ಆ ಅಂಗಡಿಯ ಲಿಂಕ್‌ಗಳನ್ನೆಲ್ಲ ತೆಗೆದಿದ್ದೇನೆ. ರೈನ್‌ಕೋಟ್ ಮಾತ್ರ ಒಳ್ಳೆಯದೇ. ಅದರ ಬಗ್ಗೆ ಬರೆದದ್ದನ್ನು ಅಳಿಸಿಲ್ಲ.