ಅಪಘಾತ ಪರಿಹಾರ, ಆಸ್ತಿ ಹಕ್ಕು: ದಾವಣಗೆರೆಯ ಒಂದು ವಕೀಲರ ಕಚೇರಿಯ ಬಗ್ಗೆ

ದಾವಣಗೆರೆಯ ನ್ಯಾಯಾಲಯದ ಸಮೀಪವಿರುವ ಈ ವಕೀಲರ ಕಚೇರಿಗೆ ನಾವು ಎರಡು ಕೆಲಸ ಹಿಡಿದುಕೊಂಡು ಹೋಗಿದ್ದೆವು. ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಿ ಕಾರು ಡಿಕ್ಕಿ ಹೊಡೆದು ಕಾಲು ಮುರಿದಿದ್ದ ನಮ್ಮ ಭಾವನವರ ಪರಿಹಾರದ ಅರ್ಜಿ ಒಂದು. ಮಾವನವರು ಉಯಿಲು ಬರೆಯದೆ ತೀರಿಕೊಂಡಿದ್ದರಿಂದ ಎದುರಾದ ಜಗಳೂರು ತಾಲ್ಲೂಕಿನ ಜಮೀನಿನ ವಿಷಯ ಇನ್ನೊಂದು. ವಕೀಲರು ಪ್ರಚಾರ ಪಡೆಯುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಒಪ್ಪದ ಕಾರಣ ಅವರ ಹೆಸರನ್ನು ಬರೆಯುತ್ತಿಲ್ಲ.

ಈ ಕಚೇರಿಯಲ್ಲಿ ನನಗೆ ಮೆಚ್ಚುಗೆಯಾದದ್ದು, ಯಾವ ಕೆಲಸಕ್ಕೆ ವಕೀಲರು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅವರು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಿದ್ದು. ತರಚು ಗಾಯಕ್ಕೆಲ್ಲ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿಲ್ಲ. ಆದರೆ ಮೂಳೆ ಮುರಿದು ದುಡಿಮೆ ನಿಂತಿದ್ದರೆ, ಶಾಶ್ವತ ಊನವಾಗುವ ಸಂಭವವಿದ್ದರೆ ಅಥವಾ ಸಾವು ಸಂಭವಿಸಿದ್ದರೆ ತಡಮಾಡಬಾರದು ಎಂದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದರಂತೆ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಕಾಲು ಸರಿಹೋದ ಮೇಲೆ ನೋಡಿದರಾಯಿತು ಎಂಬ ನಮ್ಮ ಮನೆಯ ಹಿರಿಯರ ಮಾತು ಅಲ್ಲಿಗೆ ನಿಂತಿತು.

ಗುಮಾಸ್ತರು ಎಫ್‌ಐಆರ್ ಪ್ರತಿ, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಔಷಧಿಯ ಬಿಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಆಸ್ಪತ್ರೆಯ ಮೊದಲ ದಾಖಲೆಯಲ್ಲಿ ‘ಬೈಕಿನಿಂದ ಬಿದ್ದು ಗಾಯ’ ಎಂದಷ್ಟೇ ಇದ್ದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಕಾರಿನ ಪ್ರಸ್ತಾಪವೇ ಇಲ್ಲದ ಇಂತಹ ಸಾಲನ್ನು ಹಿಡಿದುಕೊಂಡು, ಗಾಯಾಳು ತಾನಾಗಿಯೇ ಬಿದ್ದದ್ದೆಂದು ವಿಮಾ ಕಂಪನಿಯವರು ವಾದಿಸುವುದುಂಟಂತೆ. ಆದ್ದರಿಂದ ಕಣ್ಣಾರೆ ಕಂಡ ಸಾಕ್ಷಿಯ ಹೇಳಿಕೆ ಮತ್ತು ಕಾರಿನ ತಪಾಸಣಾ ವರದಿಯನ್ನು ಅರ್ಜಿಯ ಜೊತೆಗೇ ಹೊಂದಿಸಿಟ್ಟರು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರಬಹುದು, ಆದರೆ ಆ ಆದೇಶದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಜಮೀನಿನ ವಿಷಯದಲ್ಲಿ ಅವರ ಸಲಹೆ ಬೇರೆಯೇ ಇತ್ತು. ವಾರಸುದಾರರೆಲ್ಲ ಒಪ್ಪಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ನೀವೇ ಅರ್ಜಿ ಕೊಡಿ, ಅದಕ್ಕೆ ನಾನು ಬೇಕಿಲ್ಲ ಎಂದು ಹೇಳಿ ಶುಲ್ಕವನ್ನೂ ಪಡೆಯಲಿಲ್ಲ. ಆದರೆ ನಮ್ಮ ನಾದಿನಿ ಸಹಿ ಹಾಕಬೇಕಿದ್ದ ಹಕ್ಕು ಬಿಡುಗಡೆ ಪತ್ರದ ಕರಡನ್ನು ಓದುತ್ತಾ ಒಂದು ಕಡೆ ನಿಂತರು. ಒಂದೇ ಸರ್ವೆ ನಂಬರಿನ ಜಮೀನಿಗೆಂದು ಬರೆಸಿದ್ದ ಪತ್ರದಲ್ಲಿ ‘ಪಿತ್ರಾರ್ಜಿತವಾಗಿ ಬರತಕ್ಕ ಸಮಸ್ತ ಸ್ಥಿರಾಸ್ತಿ’ ಎಂಬ ಮಾತು ಸೇರಿಕೊಂಡಿತ್ತು. ಹಾಗೆಯೇ ನೋಂದಣಿಯಾಗಿದ್ದರೆ ಊರಿನ ಮನೆಯ ಮೇಲಿನ ಹಕ್ಕೂ ಆಕೆಯ ಕೈತಪ್ಪುತ್ತಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು ಕೊಟ್ಟಿದೆ. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂಬ ಷರತ್ತಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆಕೆ ಬಿಟ್ಟುಕೊಡುವುದಿದ್ದರೆ ತಿಳಿದು ಬಿಟ್ಟುಕೊಡಲಿ ಎಂದು ಹೇಳಿ ಪತ್ರವನ್ನು ತಿದ್ದಿಸಿದರು.

ಶುಲ್ಕವನ್ನು ಮೊದಲೇ ಬರೆದು ಕೊಟ್ಟರು. ಬರುವ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ವಕೀಲರು ಕರಾರು ಮಾಡಿಕೊಳ್ಳುವಂತಿಲ್ಲ; ಹಾಗೆ ಕೇಳುವವರೂ ಇದ್ದಾರೆ, ಅದು ಬೇರೆ ಮಾತು.

ಕೊರತೆಗಳೂ ಇವೆ. ಕಚೇರಿ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ. ಅಪಘಾತದ ಪ್ರಕರಣಗಳನ್ನೇ ನಡೆಸುವವರು ಇಷ್ಟನ್ನು ಯೋಚಿಸಬೇಕಿತ್ತು. ಭಾವನವರು ಕೆಳಗೆ ಆಟೋದಲ್ಲೇ ಕುಳಿತಿದ್ದು, ಕಿರಿಯ ವಕೀಲರು ಇಳಿದು ಬಂದು ವಕಾಲತ್ತಿಗೆ ಸಹಿ ಪಡೆದರು. ಸಂಜೆ ಕಾಯುವುದು ತಪ್ಪಿದ್ದಲ್ಲ, ದಿನಾಂಕ ಮುಂದೆ ಹೋದರೆ ತಿಳಿಸುವವರಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ದೊರೆಯುತ್ತದೆ ಎಂಬುದನ್ನು ನಾದಿನಿಗೆ ಅವರು ಹೇಳಿದ್ದು ನಾವಾಗಿಯೇ ಕೇಳಿದ ಮೇಲೆ. ಕರಡು ಓದಿದ ಶುಲ್ಕವನ್ನು ಅಷ್ಟರಲ್ಲಿ ಕೊಟ್ಟಾಗಿತ್ತು.