ಫ್ರೀಪ್ಲೇನ್: ಟಿಪ್ಪಣಿ ಸೇರಿಸಲು ಸೈ, ಬರೆಯಲು ಕೂತಾಗ ಇನ್ನೂ ಬೇಕು

ಫ್ರೀಪ್ಲೇನ್ ಎಂದರೆ ಟಿಪ್ಪಣಿಗಳನ್ನು ಮರದ ಕೊಂಬೆಗಳಂತೆ ನಕ್ಷೆಯಾಗಿ ಜೋಡಿಸಿಡುವ ಮೈಂಡ್ ಮ್ಯಾಪ್ ತಂತ್ರಾಂಶ. ನೋಡಲು ಚೆಂದದ್ದೇನಲ್ಲ. ಮೆನು ತೆರೆದರೆ ಕೆಳಗೆ ಇಳಿಯುತ್ತಲೇ ಹೋಗುತ್ತದೆ. ಅದರಲ್ಲಿ ಅರ್ಧದಷ್ಟನ್ನು ನಾನು ಇವತ್ತಿಗೂ ಮುಟ್ಟಿಲ್ಲ. ಆದರೂ ಕೋಲಾರ ಜಿಲ್ಲೆಯ ಕೆರೆಗಳ ಬಗ್ಗೆ ನಾನು ಕೂಡಿಸುತ್ತಿರುವ ಟಿಪ್ಪಣಿಗಳೆಲ್ಲ ಕೆಲವು ವರ್ಷಗಳಿಂದ ಇದರಲ್ಲೇ ಇವೆ, ಬೇರೆ ಕಡೆ ಹೋಗುವ ಮನಸ್ಸಿಲ್ಲ.

ಇದು ಉಚಿತ, ಮುಕ್ತ ತಂತ್ರಾಂಶ. ಇಂಥದ್ದೇ ಹಳೆಯ ತಂತ್ರಾಂಶ ಫ್ರೀಮೈಂಡ್‌ನಿಂದ ಕವಲೊಡೆದು ಬಂದದ್ದು. ಜಾವಾದಲ್ಲಿ ಬರೆದಿರುವುದರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಖಾತೆ ತೆರೆಯಬೇಕಿಲ್ಲ, ಫೈಲು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಮೊದಲು ನಾನು ಬಳಸುತ್ತಿದ್ದ ಒಂದು ಆನ್‌ಲೈನ್ ಸೇವೆ, ಚಂದಾ ಮುಗಿದ ಮೇಲೆ ನನ್ನದೇ ನಕ್ಷೆಗಳನ್ನು ತಿದ್ದಲು ಬಿಡಲಿಲ್ಲ. ಇಲ್ಲಿ ಆ ತಲೆನೋವಿಲ್ಲ. ನಕ್ಷೆ ಉಳಿಸುವ ಎಂಎಂ (.mm) ಫೈಲಿನ ಒಳಗಿರುವುದು ಗುರುತು ಹಾಕಿದ ಸಾದಾ ಪಠ್ಯ, ಅಂದರೆ ಬರೀ ಎಕ್ಸ್‌ಎಂಎಲ್. ಯಾವ ನೋಟ್‌ಪ್ಯಾಡ್‌ನಲ್ಲಾದರೂ ತೆರೆಯಬಹುದು.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಕ್ಲೋನ್, ಅಂದರೆ ಒಂದೇ ಟಿಪ್ಪಣಿಯ ಜೋಡಿ ಪ್ರತಿ. ಬೇತಮಂಗಲದ ಕೆರೆಯನ್ನೇ ತೆಗೆದುಕೊಳ್ಳಿ. ಅದು ಪಾಲಾರ್ ನದಿಯ ಕೆರೆ. ಕೆಜಿಎಫ್ ಪಟ್ಟಣಕ್ಕೆ ನೀರು ಕೊಟ್ಟದ್ದೂ ಅದೇ. ಹಾಗಾದರೆ ಟಿಪ್ಪಣಿಯನ್ನು ‘ಪಾಲಾರ್’ ಕೆಳಗೆ ಇಡಬೇಕೋ, ‘ಗಣಿ ಊರಿನ ನೀರು’ ಕೆಳಗೋ? ಕಾಗದದ ಕಡತದಲ್ಲಾದರೆ ಒಂದು ಕಡೆ ಇಟ್ಟು ಇನ್ನೊಂದು ಕಡೆ ಚೀಟಿ ಅಂಟಿಸಬೇಕು. ಇಲ್ಲಿ ಎರಡೂ ಕಡೆ ಕ್ಲೋನ್ ಇಟ್ಟರೆ ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲೂ ತಾನಾಗಿ ಬದಲಾಗುತ್ತದೆ. ಕೆರೆ ನೀರು ಬಿಡುವ ನೀರುಗಂಟಿಗಳ ಮನೆತನದ ವಿವರವೂ ಹೀಗೆಯೇ: ಕೆರೆಯ ಕೆಳಗೂ ಬೇಕು, ಊರಿನ ಕೆಳಗೂ ಬೇಕು.

ಇನ್ನೊಂದು, ಕೊಂಬೆಯಿಂದ ಕೊಂಬೆಗೆ ಎಳೆಯುವ ಬಾಣದ ಗೆರೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಹೋಗುತ್ತದೆ, ಅಲ್ವಾ? ಎರಡು ಕೆರೆ ಬೇರೆ ಬೇರೆ ಹೋಬಳಿಯಲ್ಲಿದ್ದರೆ ನಕ್ಷೆಯಲ್ಲೂ ಬೇರೆ ಬೇರೆ ಕೊಂಬೆಯಲ್ಲಿರುತ್ತವೆ. ಒಂದು ಬಾಣ ಎಳೆದರೆ ಸಂಬಂಧ ಕಣ್ಣಿಗೆ ಕಾಣುತ್ತದೆ. ಬಾಣಗಳು ಜಾಸ್ತಿಯಾದರೆ ಮಾತ್ರ ಏನೂ ಅರ್ಥವಾಗುವುದಿಲ್ಲ. ಅದಕ್ಕೇ ಕೋಡಿಗೆ ಬಿಟ್ಟು ಬೇರೆ ಯಾವುದಕ್ಕೂ ನಾನು ಬಾಣ ಬಳಸುವುದಿಲ್ಲ. ಏರಿ, ತೂಬು, ಅಚ್ಚುಕಟ್ಟು ಇಂಥ ವಿವರಗಳನ್ನು ಪ್ರತಿ ಕೆರೆಗೂ ಗುಣಲಕ್ಷಣದ ಪಟ್ಟಿಯಾಗಿ ಅಂಟಿಸಿ, ಆಮೇಲೆ ಬೇಕಾದ್ದನ್ನು ಸೋಸಿ ನೋಡುತ್ತೇನೆ. ‘ತೂಬು ಹಾಳಾಗಿರುವ ಕೆರೆಗಳು ಮಾತ್ರ’ ಅಂದರೆ ಉಳಿದದ್ದೆಲ್ಲ ಮರೆಯಾಗುತ್ತದೆ.

ಬರೆಯಲು ಕೂತಾಗ ಕಷ್ಟ ಶುರು. ನಕ್ಷೆ ಯೋಚನೆಗೆ ಒಳ್ಳೆಯದು. ಲೇಖನ ಮಾತ್ರ ಮೇಲಿನಿಂದ ಕೆಳಕ್ಕೆ ಸಾಲಾಗಿಯೇ ಸಾಗಬೇಕು. ಔಟ್‌ಲೈನ್ ನೋಟ (ಕೊಂಬೆಗಳನ್ನು ಒಂದರ ಕೆಳಗೊಂದು ಪಟ್ಟಿಯಾಗಿ ತೋರಿಸುವುದು) ಇದರಲ್ಲೂ ಇದೆ, ಆದರೆ ವರ್ಕ್‌ಫ್ಲೋಯಿಯಂಥ ಪಟ್ಟಿ ತಂತ್ರಾಂಶದಲ್ಲಿ ಬರೆಯುವ ಸಲೀಸು ಇಲ್ಲಿಲ್ಲ. ನನ್ನ ದಾರಿ ಇಷ್ಟು: ಒಂದು ಕೊಂಬೆಯನ್ನು ಕಾಪಿ ಮಾಡಿ ಸಾದಾ ಪಠ್ಯದ ಫೈಲಿಗೆ ಅಂಟಿಸಿದರೆ ಒಳಕ್ಕೆ ಸರಿದ ಸಾಲುಗಳಾಗಿ ಬರುತ್ತದೆ. ಅಲ್ಲಿ ಹಿಂದೆಮುಂದೆ ಮಾಡಿ ಮತ್ತೆ ನಕ್ಷೆಗೆ ಅಂಟಿಸಿದರೆ ಅದು ಮತ್ತೆ ಕೊಂಬೆಗಳಾಗುತ್ತದೆ. ಹೋಗಿಬರುವಾಗ ಬಣ್ಣ, ಕ್ಲೋನ್, ಬಾಣ ಎಲ್ಲ ಬಿದ್ದುಹೋಗುತ್ತವೆ. ಎಡಕ್ಕೆ ನಕ್ಷೆ, ಬಲಕ್ಕೆ ಉದ್ದಕ್ಕೆ ಬರೆಯುವ ಹಾಳೆ, ಒಂದರಲ್ಲಿ ಸರಿಸಿದ್ದು ಇನ್ನೊಂದರಲ್ಲೂ ಸರಿಯಬೇಕು. ನನ್ನ ಮೊದಲ ಬೇಡಿಕೆ ಇದು.

ಎರಡನೆಯದು ಕನ್ನಡದ ಹುಡುಕಾಟ. ಇದು ಒಂದು ತಂತ್ರಾಂಶದ ದೂರಲ್ಲ, ನಾನು ನೋಡಿದ ಎಲ್ಲದರದ್ದೂ ಹೌದು. ‘ಊರು’ ಎಂದು ಹುಡುಕಿದರೆ ‘ಊರಿನ’ ಸಿಗುವುದಿಲ್ಲ, ಯಾಕೆಂದರೆ ಕೊಂಬು ಹೋಗಿ ಗುಡಿಸು ಬಂದಿರುತ್ತದೆ. ‘ಊರ’ ಎಂದಷ್ಟೇ ಕೊಟ್ಟರೆ ಎರಡೂ ಸಿಗುತ್ತವೆ, ಜೊತೆಗೆ ಬೇಡದ್ದೂ ಬರುತ್ತದೆ. ರಾಬರ್ಟ್‌ಸನ್‌ಪೇಟೆಯ ಪಾಡು ಇನ್ನೂ ಕಷ್ಟ. ಒತ್ತಕ್ಷರ ಆಗದಿರಲೆಂದು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಆ ಅಕ್ಷರ ಒಂದು ಟಿಪ್ಪಣಿಯಲ್ಲಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಕಂಪ್ಯೂಟರಿಗೆ ಅವು ಎರಡು ಬೇರೆ ಊರುಗಳು! ಫ್ರೀಪ್ಲೇನ್‌ನಲ್ಲಿ ಹೆಚ್ಚುಕಡಿಮೆ ಹೊಂದುವ ಪದಗಳನ್ನೂ ಹುಡುಕುವ ಆಯ್ಕೆ ಇದೆ, ಒಮ್ಮೆ ಪ್ರಯತ್ನಿಸಿ ನೋಡಿ. ಆದರೆ ಆ ಕಾಣದ ಅಕ್ಷರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹುಡುಕಾಟ ಸಿಕ್ಕರೆ ಸಾಕು, ನಮ್ಮ ಅರ್ಧ ಗೋಳು ತೀರುತ್ತದೆ.

ಮೊಬೈಲ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಇದು ಕಂಪ್ಯೂಟರಿನ ತಂತ್ರಾಂಶ. ಏರಿ ಮೇಲೆ ನಿಂತು ಊರಿನವರ ಮಾತು ಬರೆದುಕೊಳ್ಳಲು ನನಗೆ ಜೇಬಿನ ಪುಸ್ತಕವೇ ಗತಿ. ಮುದ್ರಣವೂ ಅಷ್ಟೇ: ದೊಡ್ಡ ನಕ್ಷೆಯನ್ನು ಒಂದು ಎ4 ಹಾಳೆಗೆ ಹಿಡಿಸಿದರೆ ಅಕ್ಷರ ಓದಲು ಭೂತಗನ್ನಡಿ ಬೇಕು. ಹೋಬಳಿಗೊಂದು ಹಾಳೆ ಅಂತ ಕೊಂಬೆಗಳನ್ನು ತಾನಾಗಿ ಬೇರೆ ಮಾಡಿ ಕೊಟ್ಟರೆ ಗ್ರಾಮ ಪಂಚಾಯಿತಿಗೆ ಒಯ್ದು ತೋರಿಸಬಹುದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಸದಾಗಿ ಹಾಕಿಕೊಳ್ಳುವವರು ಮೆನು ನೋಡಿ ಹೆದರಬೇಡಿ. ಟ್ಯಾಬ್ ಒತ್ತಿದರೆ ಒಳಗೊಂದು ಕೊಂಬೆ, ಎಂಟರ್ ಒತ್ತಿದರೆ ಪಕ್ಕದಲ್ಲೊಂದು, ಸ್ಪೇಸ್ ಒತ್ತಿದರೆ ಮಡಚುತ್ತದೆ, ಎಫ್2 ಒತ್ತಿದರೆ ತಿದ್ದಬಹುದು. ಮೊದಲ ವಾರಕ್ಕೆ ಇಷ್ಟು ಸಾಕು. ಕ್ಲೋನ್ ಮಾತ್ರ ಶುರುವಿನಲ್ಲೇ ಕಲಿತುಬಿಡಿ.