ಏರ್‌ಲೈನ್ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ಹಳೇ ಟ್ರಾಫಿಕ್ ಟಿಕೆಟ್‌ಗಳನ್ನು ಹುಡುಕಿ ತೆಗೆಯಿರಿ

ಅಮೆರಿಕದಲ್ಲಿ ಮಕ್ಕಳನ್ನು ಪೈಲಟ್ ತರಬೇತಿಗೆ ಹಾಕಿರುವ ಕನ್ನಡದ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಮಕ್ಕಳಿಗೆ ಕನ್ನಡ ಓದಲು ಬಂದರೆ ಅವರೂ ಓದಲಿ. ಬರದಿದ್ದರೆ ಊಟಕ್ಕೆ ಕೂತಾಗ ನೀವೇ ಹೇಳಿ.

ನನ್ನ ಮಗನಿಗೆ ಒಂದು ರೀಜನಲ್ ಏರ್‌ಲೈನ್‌ನಿಂದ (ಹತ್ತಿರದ ಊರುಗಳಿಗೆ ಸಣ್ಣ ವಿಮಾನ ಓಡಿಸುವ ಕಂಪನಿ) ಬಂದಿದ್ದ ಆಫರ್ ವಾಪಸ್ ಹೋಯಿತು. ಅವನ ಹಾರಾಟದ ಬಗ್ಗೆ ಯಾರೂ ಒಂದು ಮಾತು ಎತ್ತಲಿಲ್ಲ. ತಕರಾರು ಬಂದಿದ್ದು ಕಾರು ಓಡಿಸುವಾಗ ಸಿಕ್ಕಿದ್ದ ಎರಡು ಹಳೇ ಟಿಕೆಟ್‌ಗಳ, ಅಂದರೆ ಪೊಲೀಸರು ಕೊಡುವ ದಂಡದ ಚೀಟಿಗಳ ವಿಷಯದಲ್ಲಿ.

ಅವನು ಬೆಳೆದಿದ್ದು ಟೆಕ್ಸಾಸ್‌ನಲ್ಲಿ. ಕಾಲೇಜಿಗೆ ಬೇರೆ ರಾಜ್ಯಕ್ಕೆ ಹೋದ, ಏವಿಯೇಷನ್ ಡಿಗ್ರಿ ಮಾಡಿದ. ಸಾಮಾನ್ಯವಾಗಿ ಏರ್‌ಲೈನ್ ಸೇರೋಕೆ 1500 ಗಂಟೆ ಹಾರಾಟ ಬೇಕು. ಒಪ್ಪಿಗೆ ಪಡೆದ ಕಾಲೇಜಿನಲ್ಲಿ ಏವಿಯೇಷನ್ ಡಿಗ್ರಿ ಮಾಡಿದವರಿಗೆ 1000 ಸಾಕು. ಅಷ್ಟು ತುಂಬಿಸೋಕೆ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಿ ದುಡಿದ. ಟೆಕ್ಸಾಸ್‌ನ ಜುಲೈ ಬಿಸಿಲಲ್ಲಿ, ಎ.ಸಿ. ಇಲ್ಲದ ಪುಟ್ಟ ವಿಮಾನದಲ್ಲಿ, ಹೊಸಬರ ಪಕ್ಕ ಕೂತು. ಆಮೇಲೆ ಇಂಟರ್‌ವ್ಯೂ ಚೆನ್ನಾಗಿ ಆಯಿತು. ಕಂಡೀಷನಲ್ ಆಫರ್ ಬಂತು, ಕ್ಲಾಸ್ ಡೇಟೂ (ಏರ್‌ಲೈನ್‌ನ ಟ್ರೈನಿಂಗ್ ಶುರುವಾಗುವ ತಾರೀಖು) ಸಿಕ್ಕಿತು. ಮನೆಯಲ್ಲಿ ಪಾಯಸ ಮಾಡಿದೆ.

ಆಫರ್ ಮುಂದಿರುವ ಆ 'ಕಂಡೀಷನಲ್', ಅಂದರೆ ಷರತ್ತಿನ ಮೇಲೆ, ಅನ್ನೋದನ್ನು ನಾವ್ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ಅದಾದ ಮೇಲೆಯೇ ಅಲ್ವಾ ಬ್ಯಾಕ್‌ಗ್ರೌಂಡ್ ಚೆಕ್ ಶುರುವಾಗೋದು.

ಮೊದಲನೇ ಟಿಕೆಟ್ ಕಥೆ ಸಣ್ಣದು. ಕಾಲೇಜಿಗೆ ಹೋಗುವ ಮುಂಚೆ, ಮನೆ ಹತ್ತಿರದ ರಸ್ತೆಯಲ್ಲೇ ಸಿಕ್ಕಿದ ಸ್ಪೀಡಿಂಗ್ ಟಿಕೆಟ್. ಟೆಕ್ಸಾಸ್‌ನಲ್ಲಿ ಆರು ಗಂಟೆಯ ಡಿಫೆನ್ಸಿವ್ ಡ್ರೈವಿಂಗ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಕೊಟ್ಟರೆ ಕೋರ್ಟು ಕೇಸನ್ನು ಡಿಸ್ಮಿಸ್ ಮಾಡುತ್ತದೆ, ಅಂದರೆ ವಜಾ ಮಾಡುತ್ತದೆ. ಇವನೂ ಹಾಗೇ ಮಾಡಿದ್ದ. ಇನ್ಶೂರೆನ್ಸ್ ಏರಲಿಲ್ಲ, ನಾವೂ ಮರೆತೆವು. ಅರ್ಜಿ ತುಂಬುವಾಗ ಇವನಿಗೆ ಅದು ನೆನಪಿತ್ತು. ದುಡ್ಡು ತಗೊಂಡು ಅರ್ಜಿ ತಿದ್ದಿಕೊಡುವ ಒಂದು ಕಂಪನಿಯವರನ್ನು ಕೇಳಿದ. "ಡಿಸ್ಮಿಸ್ ಆಗಿದೆ ಅಂದ್ರೆ ಇಲ್ಲ ಅಂತಲೇ ಲೆಕ್ಕ, ಬರೀಬೇಡ" ಅಂದರು. ಬಿಟ್ಟ.

ಅರ್ಜಿಯ ಪ್ರಶ್ನೆ ಓದಿ ನೋಡಿದರೆ ಸಿಟ್ಟು ಬರುತ್ತದೆ. ಅದು ಕೇಳಿದ್ದು ಶಿಕ್ಷೆ ಆಗಿದೆಯಾ ಅಂತಲ್ಲ. ಯಾವತ್ತಾದರೂ ಟಿಕೆಟ್ ಸಿಕ್ಕಿದೆಯಾ, ಡಿಸ್ಮಿಸ್ ಆಗಿದ್ದರೂ ಬರೆಯಿರಿ ಅಂತಲೇ ಇತ್ತು. ಈ ಪ್ರಶ್ನೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೆಲವರು ಇಷ್ಟು ವರ್ಷದೊಳಗೆ ಅನ್ನುತ್ತಾರೆ, ಕೆಲವರು ಹುಟ್ಟಿದಾಗಿನಿಂದ ಅನ್ನುತ್ತಾರೆ. ಒಬ್ಬರಿಗೆ ತುಂಬಿದ ಉತ್ತರವನ್ನೇ ಇನ್ನೊಬ್ಬರಿಗೂ ಕಳಿಸೋದು ಅಪಾಯ. ಪಾರ್ಕಿಂಗ್ ಟಿಕೆಟ್ ಬೇಡ ಅಂತ ಬಹಳಷ್ಟು ಕಡೆ ಬರೆದಿರುತ್ತದೆ. ಪೊಲೀಸರು ಬರೀ ವಾರ್ನಿಂಗ್ ಕೊಟ್ಟು ಬಿಟ್ಟಿದ್ದರೆ ಅದು ಟಿಕೆಟ್ ಅಲ್ಲ.

ಎರಡನೆಯದು ಕಾಲೇಜಿನ ರಾಜ್ಯದ್ದು. ಅದೇ ನಿಜವಾದ ತಲೆನೋವು. ಹೈವೇಯಲ್ಲಿ ಸ್ಪೀಡಿಂಗ್, ಒಂದು ಸಣ್ಣ ಊರಿನ ಕೋರ್ಟು. ಆ ಕೋರ್ಟಿನಲ್ಲಿ ಕಾರ್ಡ್ ನಡೆಯುತ್ತಿರಲಿಲ್ಲ. ಪೋಸ್ಟ್ ಆಫೀಸಿನಲ್ಲಿ ಮನಿ ಆರ್ಡರ್ ಮಾಡಿಸಿ ಕಳಿಸಿದ್ದ. ಇದನ್ನು ಅರ್ಜಿಯಲ್ಲಿ ಸರಿಯಾಗಿಯೇ ಬರೆದಿದ್ದ: ಟಿಕೆಟ್ ಸಿಕ್ಕಿತು, ಫೈನ್ ಕಟ್ಟಿದೆ. 'ಲೈಸೆನ್ಸ್ ಯಾವತ್ತಾದರೂ ಸಸ್ಪೆಂಡ್ ಆಗಿದೆಯಾ' ಅನ್ನೋ ಪ್ರಶ್ನೆಗೆ ಇಲ್ಲ ಅಂದಿದ್ದ.

ಆಗಿತ್ತು! ಕೋರ್ಟಿನವರು ಮನಿ ಆರ್ಡರ್ ತಗೊಂಡು, ಅದನ್ನು ಇವನ ಕೇಸಿಗೆ ಜಮಾ ಮಾಡಿರಲೇ ಇಲ್ಲ. ಅವರ ಲೆಕ್ಕದಲ್ಲಿ ಹುಡುಗ ಫೈನೂ ಕಟ್ಟಿಲ್ಲ, ಕೋರ್ಟಿಗೂ ಬಂದಿಲ್ಲ. ಆ ರಾಜ್ಯ ತನ್ನ ಗಡಿಯೊಳಗೆ ಇವನು ಕಾರು ಓಡಿಸುವ ಹಕ್ಕನ್ನು ಸಸ್ಪೆಂಡ್ ಮಾಡಿತು. ನೋಟೀಸ್ ಹೋಗಿದ್ದು ಅವನು ಖಾಲಿ ಮಾಡಿದ್ದ ಅಪಾರ್ಟ್‌ಮೆಂಟಿಗೆ. ಕೈಯಲ್ಲಿ ಟೆಕ್ಸಾಸ್ ಲೈಸೆನ್ಸ್ ಸುಮ್ಮನೆ ಚೆನ್ನಾಗಿಯೇ ಇತ್ತು. ರಿನ್ಯೂವಲ್ ಬಂದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತೇನೋ. ಅದಕ್ಕಿನ್ನೂ ಟೈಮಿತ್ತು.

ಏರ್‌ಲೈನ್‌ಗೆ ಇದು ಹೇಗೆ ಸಿಕ್ಕಿತು ಅಂದರೆ, ನ್ಯಾಷನಲ್ ಡ್ರೈವರ್ ರಿಜಿಸ್ಟರ್ ಅಂತ ಕೇಂದ್ರ ಸರ್ಕಾರದ್ದೊಂದು ಪಟ್ಟಿ ಇದೆ. ಅದರಲ್ಲಿ ಮಾಮೂಲಿ ಸ್ಪೀಡಿಂಗ್ ಟಿಕೆಟ್ ಇರೋದಿಲ್ಲ. ಲೈಸೆನ್ಸ್ ಸಸ್ಪೆಂಡ್ ಆದವರು, ರದ್ದಾದವರು, ಕುಡಿದು ಓಡಿಸಿದಂಥ ದೊಡ್ಡ ತಪ್ಪಿಗೆ ಶಿಕ್ಷೆಯಾದವರು ಇರುತ್ತಾರೆ. ಅಲ್ಲೂ ವಿವರ ಏನೂ ಇಲ್ಲ. ಹೆಸರು, ಹುಟ್ಟಿದ ದಿನ, ಲೈಸೆನ್ಸ್ ನಂಬರ್ ಜೊತೆಗೆ ಯಾವ ರಾಜ್ಯವನ್ನು ಕೇಳಬೇಕು ಅನ್ನುವ ಸೂಚನೆ, ಅಷ್ಟೇ. ಪೈಲಟ್ ಕೆಲಸ ಕೊಡುವ ಮುಂಚೆ ಏರ್‌ಲೈನ್ ಈ ಪಟ್ಟಿ ನೋಡಲೇಬೇಕು ಅಂತ ಕಾನೂನಿದೆ.

ಕಾರಿನ ವಿಷಯಕ್ಕೆ ಇಷ್ಟೆಲ್ಲ ಯಾಕೆ ಅಂತ ನಮ್ಮ ಮನೆಯವರು ಕೂಗಾಡಿದರು. ನನಗೂ ಮೊದಲು ಹಾಗೇ ಅನಿಸಿತ್ತು. ಆಮೇಲೆ ಓದಿದೆ. 2009ರ ಫೆಬ್ರವರಿ 12ರಂದು ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತರು. ಅದರ ಕ್ಯಾಪ್ಟನ್ ಹಿಂದೆ ಕೆಲವು ಚೆಕ್‌ರೈಡ್‌ಗಳಲ್ಲಿ (ಪೈಲಟ್‌ಗಳ ಹಾರಾಟದ ಪರೀಕ್ಷೆ) ಫೇಲ್ ಆಗಿದ್ದ. ಎಲ್ಲವನ್ನೂ ಅವನು ಕಂಪನಿಗೆ ಹೇಳಿರಲಿಲ್ಲ. 2010ರಲ್ಲಿ ಬಂದ ಕಾನೂನಿನಿಂದಲೇ 1500 ಗಂಟೆಯ ನಿಯಮ ಬಂತು. ಪೈಲಟ್‌ಗಳ ದಾಖಲೆಗೆಲ್ಲ ಒಂದೇ ಡೇಟಾಬೇಸ್ ಅನ್ನೋದೂ ಅದರಿಂದಲೇ. ಅರ್ಜಿಯಲ್ಲಿ ಬಿಟ್ಟ ವಿಷಯ ಅಂದರೆ ಏರ್‌ಲೈನ್‌ನವರು ಯಾಕೆ ಬೆಚ್ಚುತ್ತಾರೆ ಅಂತ ಅರ್ಥವಾಯಿತು. ಹಳೇ ಸ್ಪೀಡಿಂಗ್ ಟಿಕೆಟ್ ಒಂದೆರಡು ಇದ್ದ ಮಾತ್ರಕ್ಕೆ ಸಾಮಾನ್ಯವಾಗಿ ಯಾರನ್ನೂ ಹೊರಗೆ ಹಾಕುವುದಿಲ್ಲ. ಅರ್ಜಿಯಲ್ಲಿ ಇರೋದು ಒಂದು, ದಾಖಲೆಯಲ್ಲಿ ಸಿಕ್ಕಿದ್ದು ಇನ್ನೊಂದು ಆದರೆ ಕಥೆ ಮುಗಿಯಿತು. ಇವನದು ಎರಡು ಕಡೆ ಹಾಗಾಯಿತು. ಫೋನ್ ಕೂಡ ಬರಲಿಲ್ಲ, ನಾಲ್ಕು ಸಾಲಿನ ಇಮೇಲ್.

ಇಲ್ಲಿ ಕಳೆದುಕೊಂಡಿದ್ದು ಬರೀ ಕೆಲವು ತಿಂಗಳ ಸಂಬಳ ಅಲ್ಲ. ಏರ್‌ಲೈನ್‌ನಲ್ಲಿ ಎಲ್ಲವೂ ಸೀನಿಯಾರಿಟಿ ನಂಬರ್ ಮೇಲೆ ನಿಂತಿದೆ. ಯಾವ ಊರಿನ ಬೇಸ್, ದೀಪಾವಳಿಗೆ ರಜಾ ಸಿಗುತ್ತಾ, ಕ್ಯಾಪ್ಟನ್ ಯಾವಾಗ, ಎಲ್ಲ ಅದೇ. ಆ ನಂಬರ್ ಕ್ಲಾಸ್ ಡೇಟ್‌ನಿಂದ ಬರುತ್ತದೆ. ಮುಂದಿನವರು ರಿಟೈರ್ ಆದ ಹಾಗೆ ಸಾಲು ಸರಿಯುತ್ತದೆ. ಹಿಂದೆ ನಿಂತವನು ಆ ಕಂಪನಿಯಲ್ಲಿ ಇರೋವರೆಗೂ ಹಿಂದೆಯೇ.

ಸರಿ ಮಾಡಿಸೋ ಕೆಲಸ ನನ್ನ ಪಾಲಿಗೆ ಬಂತು. ಮನಿ ಆರ್ಡರ್ ರಸೀದಿ ನನ್ನ ಹತ್ತಿರ ಇತ್ತು. ನಮ್ಮಮ್ಮ ಹಾಲಿನ ಲೆಕ್ಕದ ಚೀಟಿಯನ್ನೂ ಎಸೆಯುತ್ತಿರಲಿಲ್ಲ, ನಾನೂ ಹಾಗೇ. ರಸೀದಿಯಲ್ಲಿನ ನಂಬರ್ ಕೊಟ್ಟು, ಸ್ವಲ್ಪ ಫೀಸ್ ಕಟ್ಟಿದರೆ ಪೋಸ್ಟ್ ಆಫೀಸಿನವರು ಆ ಮನಿ ಆರ್ಡರ್ ನಗದಾಗಿದೆಯಾ ಅಂತ ಹುಡುಕಿ ಅದರ ಪ್ರತಿ ಕೊಡುತ್ತಾರೆ. ನಗದಾಗಿತ್ತು, ಹಿಂದೆ ಕೋರ್ಟಿನ ಸೀಲೂ ಇತ್ತು. ಅದನ್ನು ನೋಡಿದ ಮೇಲೆ ಕೋರ್ಟಿನ ಕ್ಲರ್ಕಮ್ಮ ತುಂಬಾ ಮರ್ಯಾದೆಯಿಂದ ಮಾತಾಡಿದರು. ಕ್ಷಮೆ ಮಾತ್ರ ಕೇಳಲಿಲ್ಲ. ಕೋರ್ಟು ರಾಜ್ಯಕ್ಕೆ ಬರೆಯಬೇಕು, ರಾಜ್ಯ ಸಸ್ಪೆನ್ಷನ್ ತೆಗೆಯಬೇಕು, ಆಮೇಲೆ ಆ ಪಟ್ಟಿಯಿಂದ ಹೆಸರು ಹೋಗಬೇಕು. ಒಬ್ಬರೂ ತಾವಾಗಿ ಮುಂದಿನವರಿಗೆ ತಳ್ಳುವುದಿಲ್ಲ. ಪ್ರತಿ ಹೆಜ್ಜೆಗೂ ಕಾಗದದಲ್ಲಿ ಉತ್ತರ ಕೇಳಿ ತರಿಸಿಕೊಂಡೆ.

ನೀವು ಮಾಡಬೇಕಾದ್ದು ಇದನ್ನೆಲ್ಲ ಅರ್ಜಿಗೆ ಮುಂಚೆ. ಲೈಸೆನ್ಸ್ ಇಟ್ಟುಕೊಂಡಿದ್ದ ಪ್ರತಿ ರಾಜ್ಯದಿಂದ, ಟಿಕೆಟ್ ಸಿಕ್ಕಿದ್ದ ರಾಜ್ಯದಿಂದಲೂ ಡ್ರೈವಿಂಗ್ ರೆಕಾರ್ಡ್ ತರಿಸಿ. ಮೂರು ವರ್ಷದ್ದು ಸಾಲದು. ಅದು ಕ್ಲೀನ್ ಇದೆ ಅಂತ ನೋಡಿ ಮೋಸ ಹೋಗುವವರೇ ಜಾಸ್ತಿ. ಟೆಕ್ಸಾಸ್‌ನಲ್ಲಿ ಇದನ್ನು ಕೊಡೋದು ಡಿಪಿಎಸ್ (ಲೈಸೆನ್ಸ್ ಕೊಡುವ ರಾಜ್ಯದ ಇಲಾಖೆ), ಅಲ್ಲಿ '3ಎ' ಅಂತ ಕೇಳಿದರೆ ದೃಢೀಕರಿಸಿದ ಪೂರ್ತಿ ದಾಖಲೆ ಬರುತ್ತದೆ. ಫ್ಲಾರಿಡಾದಲ್ಲಿ ಮೂರು ವರ್ಷ, ಏಳು ವರ್ಷ, ಪೂರ್ತಿ ಅಂತ ಮೂರು ಥರ ಇದೆ, ಪೂರ್ತಿಯನ್ನೇ ತಗೊಳ್ಳಿ. ಅಲ್ಲಿ ಎಷ್ಟೊಂದು ಫ್ಲೈಯಿಂಗ್ ಸ್ಕೂಲ್‌ಗಳಿವೆ ಅಂದರೆ ನಿಮ್ಮ ಮಕ್ಕಳೂ ಒಂದಷ್ಟು ದಿನ ಅಲ್ಲಿದ್ದೇ ಇರುತ್ತಾರೆ. ನ್ಯಾಷನಲ್ ಡ್ರೈವರ್ ರಿಜಿಸ್ಟರ್‌ನಲ್ಲಿ ತಮ್ಮ ಹೆಸರಿದೆಯಾ ಅಂತ ಯಾರು ಬೇಕಾದರೂ ಕೇಳಬಹುದು, ದುಡ್ಡಿಲ್ಲ. ಟಿಕೆಟ್ ಕೊಟ್ಟ ಕೋರ್ಟಿಗೆ ಫೋನ್ ಮಾಡಿ, ಕೇಸ್ ಮುಗಿದಿದೆ ಅನ್ನುವ ಕಾಗದ ಕೇಳಿ. ಬ್ಯಾಂಕ್‌ನಿಂದ ದುಡ್ಡು ಹೋಗಿದೆ ಅನ್ನೋದು ಕೇಸ್ ಮುಗಿದಿದೆ ಅನ್ನೋದಕ್ಕೆ ಸಾಕ್ಷಿ ಆಗೋದಿಲ್ಲ.

ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಪೈಲಟ್‌ಗಳ ಆರೋಗ್ಯ ತಪಾಸಣೆಗೆ ತುಂಬಿಸಿಕೊಳ್ಳುವ ಮೆಡಿಕಲ್ ಫಾರಂನಲ್ಲೂ ಲೈಸೆನ್ಸ್ ಸಸ್ಪೆಂಡ್ ಆಗಿತ್ತಾ ಅನ್ನೋ ಪ್ರಶ್ನೆ ಇದೆ. ಅದಕ್ಕೆ ಸಹಿ ಹಾಕಿದರೆ ಎಫ್‌ಎಎ ಅದೇ ರಿಜಿಸ್ಟರ್ ನೋಡಬಹುದು ಅಂತ ನೀವೇ ಒಪ್ಪಿದ ಹಾಗೆ. ಮಗ ಮುಂದಿನ ಮೆಡಿಕಲ್‌ಗೆ ಮುಂಚೆ ಏವಿಯೇಷನ್ ವಕೀಲರೊಬ್ಬರನ್ನು ಕೇಳಿಯೇ ಉತ್ತರ ಬರೆದ. ಕುಡಿದು ಓಡಿಸಿದ ಕೇಸ್ ಇದ್ದರೆ ಅದು ಬೇರೆಯೇ ವಿಷಯ. 60 ದಿನದೊಳಗೆ ಎಫ್‌ಎಎಗೆ ಬರೆದು ತಿಳಿಸಲೇಬೇಕು. ಅಂಥದ್ದಕ್ಕೆ ನನ್ನ ಮಾತು ಕೇಳಬೇಡಿ, ವಕೀಲರ ಹತ್ತಿರ ಹೋಗಿ.

ಮುಂದಿನ ಕಂಪನಿಯ ಅರ್ಜಿಯಲ್ಲಿ ಮಗ ಎರಡನ್ನೂ ಬರೆದ. ತಾರೀಖು, ಊರು, ಎಷ್ಟು ಸ್ಪೀಡ್, ಏನಾಯಿತು, ಅಷ್ಟೇ. ಪೊಲೀಸರದೇ ತಪ್ಪು, ರಸ್ತೆ ಇಳಿಜಾರಿತ್ತು ಅಂತೆಲ್ಲ ಏನೂ ಇಲ್ಲ. ಸಸ್ಪೆನ್ಷನ್‌ಗೆ 'ಹೌದು' ಅಂತ ಹಾಕಿ, ಕೋರ್ಟಿನ ಕಾಗದ ಲಗತ್ತಿಸಿದ. ಹಿಂದಿನ ಆಫರ್ ವಾಪಸ್ ಹೋದದ್ದನ್ನೂ ಕೇಳಿದ್ದರು, ಅದನ್ನೂ ಬರೆದ. ಇಂಟರ್‌ವ್ಯೂನಲ್ಲಿ ಒಬ್ಬರು ಆ ಹಾಳೆ ತಿರುವಿ, "ಇದು ಈಗ ಮುಗಿದಿದೆ ಅಲ್ವಾ?" ಅಂತ ಕೇಳಿ ಎಂಜಿನ್ ಫೇಲಾದರೆ ಏನು ಮಾಡುತ್ತೀಯ ಅನ್ನೋ ಪ್ರಶ್ನೆಗೆ ಹೋದರಂತೆ. ಈಗ ಟ್ರೈನಿಂಗ್‌ನಲ್ಲಿದ್ದಾನೆ.

ಅರ್ಜಿ ತಿದ್ದಿಕೊಟ್ಟ ಕಂಪನಿಯವರಿಗೆ ದುಡ್ಡು ವಾಪಸ್ ಕೊಡಿ ಅಂತ ಬರೆದೆವು. ನಮ್ಮದು ಬರೀ ಸಲಹೆ, ಅರ್ಜಿಯ ಹೊಣೆ ಅಭ್ಯರ್ಥಿಯದೇ ಅಂತ ಒಪ್ಪಂದದ ಸಾಲೊಂದನ್ನು ತೋರಿಸಿದರು. 'ಬರೀಬೇಡ' ಅಂದಿದ್ದು ಫೋನ್‌ನಲ್ಲಿ, ಹಾಗಾಗಿ ನಮ್ಮ ಹತ್ತಿರ ತೋರಿಸೋಕೆ ಏನೂ ಇರಲಿಲ್ಲ. ಇಂಥವರ ಹತ್ತಿರ ಹೋಗಲೇಬೇಕು ಅಂತಿದ್ದರೆ ಯಾವುದನ್ನು ಬಿಡಬೇಕು ಅನ್ನೋದನ್ನು ಇಮೇಲ್‌ನಲ್ಲಿ ಬರೆದು ಕೊಡಿ ಅಂತ ಕೇಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.